ಮುಧೋಳದ ಬೇಟೆ ನಾಯಿಮರಿಯನ್ನು ಆರಿಸುವ ಬಗೆ

ಮುಧೋಳದ ಕಡೆ ಮರಿ ಕೊಳ್ಳಲು ಹೋದವರು ಮರಿಗಿಂತ ಮೊದಲು ತಾಯಿಯನ್ನು ನೋಡಬೇಕು. ಉದ್ದ ಮೂತಿ, ಆಳವಾದ ಎದೆ, ಒಳಸರಿದ ಹೊಟ್ಟೆಯ ಜೊತೆಗೆ, ಹೊಸಬರನ್ನು ಕಂಡು ದೂರ ನಿಂತರೂ ಅಂಜಿ ಮೂಲೆ ಸೇರದ ಸ್ವಭಾವ ಅದಕ್ಕಿರಬೇಕು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸುವುದು ಸರಿಯಲ್ಲ.

ಈ ತಳಿ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಓಡುವಂಥದ್ದು. ಆದ್ದರಿಂದ ದಾರಕ್ಕೆ ಬಟ್ಟೆಯ ಚೂರೊಂದನ್ನು ಕಟ್ಟಿ ಅಂಗಳದಲ್ಲಿ ಸರ್ರನೆ ಎಳೆದು, ಯಾವ ಮರಿ ಅದರ ಮೇಲಿಟ್ಟ ದೃಷ್ಟಿಯನ್ನು ಕದಲಿಸದೆ ಬೆನ್ನಟ್ಟುತ್ತದೆ, ಚೂರು ಮರೆಯಾದ ಮೇಲೂ ಯಾವುದು ಅದೇ ದಿಕ್ಕಿಗೆ ನೋಡುತ್ತ ನಿಲ್ಲುತ್ತದೆ ಎಂಬುದನ್ನು ಗಮನಿಸಿ. ಎಲ್ಲವನ್ನೂ ತಳ್ಳಿ ಮುನ್ನುಗ್ಗುವ ಪುಂಡ ಮರಿಗಿಂತ ಇಂಥದ್ದೇ ನನಗೆ ಮೆಚ್ಚು. ಒಸಡು ಗುಲಾಬಿ ಬಣ್ಣದ್ದಾಗಿರಲಿ. ಮೈ ಬಡಕಲಾಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳುವಿನ ಶಂಕೆ ಇಟ್ಟುಕೊಳ್ಳಬೇಕು. ಮೈಬಣ್ಣಕ್ಕೆಂದು ಹೆಚ್ಚು ಹಣ ತೆರುವುದು ವ್ಯರ್ಥ.

ತಳಿಯ ಶುದ್ಧತೆಯ ಬಗ್ಗೆ ಅನುಮಾನವಿದ್ದರೆ ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ವಿಚಾರಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲದ ಬೇಟೆಯೂ ಅಪರಾಧವಾದ್ದರಿಂದ, ಬೆಳೆದ ನಾಯಿಯ ಓಟದ ಹಸಿವನ್ನು ಕೊಯ್ಲಾದ ಹೊಲದಲ್ಲಿ ಇದೇ ಬಟ್ಟೆ-ದಾರದ ಆಟದಿಂದ ತಣಿಸಬೇಕಾಗುತ್ತದೆ.