ಕೊಲೆಗಾರನ ಹೆಸರು ಹೇಳದೆ ಪುಸ್ತಕ ಮಾರುವುದು

ಪ್ರವಾಸ ಕಥನವನ್ನೋ ಜೀವನಚರಿತ್ರೆಯನ್ನೋ ಮಾರುವಾಗ ಅದರಲ್ಲಿ ಏನಿದೆ ಅಂತ ಬಾಯ್ತುಂಬ ಹೇಳಬಹುದು. ಪತ್ತೇದಾರಿ ಕಾದಂಬರಿಗೆ ಆ ಅನುಕೂಲ ಇಲ್ಲ. ಅದರಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನೇ ಹೇಳುವ ಹಾಗಿಲ್ಲ. ಅಗಾಥಾ ಕ್ರಿಸ್ಟಿ 1926ರಲ್ಲಿ ಬರೆದ 'ದಿ ಮರ್ಡರ್ ಆಫ್ ರಾಜರ್ ಅಕ್ರಾಯ್ಡ್' ಯಾಕೆ ಅಷ್ಟು ಹೆಸರಾಯಿತು ಅಂತ ನಿಜವಾದ ಕಾರಣ ಹೇಳಿದೆನೋ, ಅಲ್ಲಿಗೆ ಆ ಪುಸ್ತಕದ ಕಥೆ ಮುಗಿಯಿತು. 'ನನ್ನ ಮಾತು ನಂಬಿ, ತಗೊಂಡು ಹೋಗಿ' ಅನ್ನೋಣ ಅಂದರೆ ಮೊದಲ ಸಲ ಅಂಗಡಿಗೆ ಬಂದವರು ಯಾಕೆ ನಂಬುತ್ತಾರೆ? ನಮ್ಮದು ಸಣ್ಣ ಸ್ವತಂತ್ರ ಪುಸ್ತಕದಂಗಡಿ. ಪತ್ತೇದಾರಿ ಕಪಾಟಿನ ಉಸ್ತುವಾರಿ ನನ್ನದು. ಕಥೆ ಬಿಟ್ಟುಕೊಡದೆ ಸರಿಯಾದ ಕೈಗೆ ಸರಿಯಾದ ಪುಸ್ತಕ ಕೊಡುವುದು ಹೇಗೆ ಅನ್ನುವುದೇ ಇಲ್ಲಿ ನನ್ನ ಕೆಲಸ.

ಬಂದವರನ್ನು 'ನಿಮಗೆ ಯಾವ ಪುಸ್ತಕ ಇಷ್ಟ' ಅಂತ ನಾನು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಷರ್ಲಾಕ್ ಹೋಮ್ಸ್ ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಅಂತ ಕೇಳುತ್ತೇನೆ. ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

"ಒಂದು ಒಳ್ಳೇ ಥ್ರಿಲ್ಲರ್ ಕೊಡಿ."

"ಕೊಡ್ತೀನಿ ಸಾರ್. ಈಚೆಗೆ ಯಾವುದಾದ್ರೂ ಓದೋಕೆ ಶುರು ಮಾಡಿ ಬಿಟ್ಟುಬಿಟ್ರಾ?"

"ಒಂದು ಬಿಟ್ಟೆ. ಸುಮ್ನೆ ಕೊಲೆ ಮೇಲೆ ಕೊಲೆ. ಸತ್ತಿದ್ದು ಯಾರು ಅಂತ ನೆನಪಿಟ್ಕೊಳ್ಳೋಕೂ ಪುರುಸೊತ್ತಿಲ್ಲ."

ಇವರಿಗೆ ಬೇಕಾಗಿರುವುದು ಥ್ರಿಲ್ಲರ್ ಅಲ್ಲವೇ ಅಲ್ಲ. ಒಂದೇ ಸಾವು ಸಾಕು, ಆದರೆ ಸತ್ತವರ ಬಗ್ಗೆ ಯಾರಿಗಾದರೂ ಮರುಕ ಇರಬೇಕು. ನಾನು ಜಾರ್ಜ್ ಸಿಮೆನಾನ್‌ನ ಮೇಗ್ರೆ ಕಾದಂಬರಿಯೊಂದನ್ನು ಕೈಗಿಡುತ್ತೇನೆ. 'ಇಷ್ಟು ತೆಳ್ಳಗಿದೆಯಲ್ಲ' ಅಂತ ತಿರುಗಿಸಿ ನೋಡುತ್ತಾರೆ. ತೆಳ್ಳಗಿರುವುದೇ ಅದರ ಗುಣ. ಇನ್‌ಸ್ಪೆಕ್ಟರ್ ಮೇಗ್ರೆ ಸುಳಿವು ಹುಡುಕುವುದಕ್ಕಿಂತ ಜಾಸ್ತಿ ಜನರ ನಡುವೆ ಕೂತು ಅವರ ಮಾತು ಕೇಳುತ್ತಾನೆ.

ಕಪಾಟಿನಲ್ಲಿ ಪುಸ್ತಕ ಜೋಡಿಸಿರುವುದು ಲೇಖಕರ ಹೆಸರಿನ ಕ್ರಮದಲ್ಲೇ. ನನ್ನ ತಲೆಯೊಳಗಿನ ಕ್ರಮ ಬೇರೆ. ಓದುಗರನ್ನು ಕೊನೆಯ ಪುಟದವರೆಗೆ ಎಳೆಯುವ ಪ್ರಶ್ನೆ ಯಾವುದು? ಯಾರು ಮಾಡಿದ್ದು ಅನ್ನುವುದೋ, ಹೇಗೆ ಮಾಡಿದ್ದು ಅನ್ನುವುದೋ, ಯಾಕೆ ಅನ್ನುವುದೋ, ಇಲ್ಲಾ ಸಿಕ್ಕಿಬೀಳ್ತಾನಾ ಅನ್ನುವುದೋ? 'ಹೇಗೆ' ಬೇಕಾದವರಿಗೆ ಒಳಗಿಂದ ಚಿಲಕ ಹಾಕಿದ ಕೋಣೆಯ ಕೊಲೆಗಳಿವೆ. ಜಾನ್ ಡಿಕ್ಸನ್ ಕಾರ್ 1935ರ 'ದಿ ಹಾಲೋ ಮ್ಯಾನ್'ನಲ್ಲಿ ಕಥೆಯನ್ನು ನಿಲ್ಲಿಸಿ, ಮುಚ್ಚಿದ ಕೋಣೆಯಲ್ಲಿ ಎಷ್ಟು ಬಗೆಯಲ್ಲಿ ಕೊಲೆ ಮಾಡಬಹುದು ಅಂತ ಪತ್ತೇದಾರನಿಂದ ಒಂದಿಡೀ ಅಧ್ಯಾಯ ಪಾಠ ಹೇಳಿಸುತ್ತಾನೆ. ಕೆಲವರಿಗೆ ಇದು ಸ್ವರ್ಗ, ಕೆಲವರಿಗೆ ಶಿಕ್ಷೆ. ಕೇಳದೆ ಕೊಡಬಾರದ ಪುಸ್ತಕ. ಕೀಗೊ ಹಿಗಾಶಿನೊ 2005ರಲ್ಲಿ ಬರೆದ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'ನಲ್ಲಿ ಕೊಲೆ ಆರಂಭದಲ್ಲೇ ನಮ್ಮ ಕಣ್ಣೆದುರೇ ನಡೆಯುತ್ತದೆ. ಮಾಡಿದವರು ಯಾರು ಅಂತ ಗೊತ್ತು. ಅದನ್ನು ಮುಚ್ಚಿಟ್ಟ ಬಗೆ ಮಾತ್ರ ಕೊನೆಯವರೆಗೂ ಗೊತ್ತಾಗುವುದಿಲ್ಲ. ಈ ಪ್ರಕಾರದ ಬಗ್ಗೆ ಮೂಗು ಮುರಿಯುವವರಿಗೆ ನಾನು ಮೊದಲು ಕೊಡುವುದು ಇದನ್ನೇ.

ಪುಸ್ತಕದ ಕೆಳಗೆ ಸಿಕ್ಕಿಸುವ ಚೀಟಿಯನ್ನು ಕೈಯಲ್ಲೇ ಬರೆಯುತ್ತೇನೆ. ನನಗೆ ಅತಿ ಹೆಚ್ಚು ಹೊತ್ತು ಹಿಡಿಯುವ ಕೆಲಸ ಅದು. 'ಉಸಿರು ಬಿಗಿಹಿಡಿದು ಓದಿಸುತ್ತದೆ' ಅಂತ ಬರೆಯುವುದಿಲ್ಲ. ಆ ಮಾತು ಎಲ್ಲ ರಕ್ಷಾಪುಟಗಳ ಹಿಂದೆಯೂ ಇರುತ್ತದೆ. 'ಕೊನೆಯಲ್ಲಿ ಭಾರೀ ತಿರುವು' ಅಂತಲೂ ಬರೆಯುವುದಿಲ್ಲ. ತಿರುವು ಇದೆ ಅಂದರೆ ಗುಟ್ಟು ಅರ್ಧ ಬಿಟ್ಟುಕೊಟ್ಟ ಹಾಗೆಯೇ. ಓದುಗರು ಮೊದಲ ಪುಟದಿಂದಲೇ ಎಲ್ಲರನ್ನೂ ಅನುಮಾನದಿಂದ ನೋಡುತ್ತಾರೆ, ಲೇಖಕರು ಕಷ್ಟಪಟ್ಟು ಕಟ್ಟಿದ ನಂಬಿಕೆ ನಿಲ್ಲುವುದೇ ಇಲ್ಲ. ಕಥೆ ಶುರುವಾಗುವ ಪರಿಸ್ಥಿತಿಯನ್ನಷ್ಟೇ ಬರೆದು ಪೆನ್ನು ಮುಚ್ಚುತ್ತೇನೆ. ಜೋಸೆಫೀನ್ ಟೇಯ 'ದಿ ಡಾಟರ್ ಆಫ್ ಟೈಮ್' ಕೆಳಗಿರುವ ಚೀಟಿ ಇದು: 'ಪತ್ತೇದಾರ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಅವನು ಬಿಡಿಸಹೊರಟ ಕೊಲೆ ನಡೆದು ನಾನೂರು ವರ್ಷ ದಾಟಿದೆ. ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ರಕ್ತ ಕಂಡರೆ ಆಗದವರಿಗೂ ಆಗುತ್ತದೆ.' ಪುಸ್ತಕ 1951ರದ್ದು, ಚೀಟಿ ಓದಿದವರು ಹೊಸದು ಅಂದುಕೊಂಡು ಎತ್ತಿಕೊಳ್ಳುತ್ತಾರೆ.

ಮನಬಿಚ್ಚಿ ಹೇಳಬಹುದಾದ ಪುಸ್ತಕವೂ ಒಂದಿದೆ. ರೂತ್ ರೆಂಡೆಲ್ 1977ರಲ್ಲಿ ಬರೆದ 'ಎ ಜಡ್ಜ್‌ಮೆಂಟ್ ಇನ್ ಸ್ಟೋನ್'. ಕೊಂದವಳು ಯಾರು, ಕೊಂದದ್ದು ಯಾರನ್ನು, ಯಾಕೆ ಅನ್ನುವುದೆಲ್ಲ ಅದರ ಮೊದಲ ವಾಕ್ಯದಲ್ಲೇ ಇದೆ: ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಅದಕ್ಕೆ. 'ಎಲ್ಲಾ ಇಲ್ಲೇ ಗೊತ್ತಾಯ್ತಲ್ಲ, ಇನ್ನೇನು ಓದೋದು?' ಅನ್ನುವವರಿಗೆ ನಿಂತಲ್ಲೇ ಇನ್ನೆರಡು ಪುಟ ಓದಲು ಹೇಳುತ್ತೇನೆ. ನಾನು ಅಷ್ಟರಲ್ಲಿ ಬೇರೆ ಕೆಲಸ ನೋಡಿಕೊಳ್ಳುತ್ತೇನೆ.

ಹೇಳಲೇಬೇಕಾದ ವಿಷಯವೂ ಒಂದಿದೆ. 'ಮಕ್ಕಳಿಗೆ ಏನಾದ್ರೂ ಆಗುತ್ತಾ?', 'ನಾಯಿ ಸಾಯುತ್ತಾ?' ಅಂತ ಯಾರಾದರೂ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಕಥೆಯ ಗುಟ್ಟು ಸ್ವಲ್ಪ ಹೊರಬಿದ್ದರೂ ಪರವಾಗಿಲ್ಲ. ಹಾಗೆ ಕೇಳುವವರಿಗೆ ಅವರದೇ ಕಾರಣ ಇರುತ್ತದೆ, ಅದನ್ನು ಕೆದಕುವುದು ನಮ್ಮ ಕೆಲಸ ಅಲ್ಲ.

ಇನ್ನು ಸರಣಿಗಳ ವಿಷಯ. ಮೇಗ್ರೆಯನ್ನು ಎಲ್ಲಿಂದ ಬೇಕಾದರೂ ಹಿಡಿಯಬಹುದು. ಸ್ವೀಡನ್ನಿನ ಮಾಯ್ ಷೊವಾಲ್ ಮತ್ತು ಪೆರ್ ವಾಲೂ 1965ರಿಂದ 1975ರವರೆಗೆ ಬರೆದ ಹತ್ತು ಮಾರ್ಟಿನ್ ಬೆಕ್ ಕಾದಂಬರಿಗಳು ಹಾಗಲ್ಲ. ಪೊಲೀಸರ ಸಂಸಾರ, ವಯಸ್ಸು, ಬೇಸರ ಎಲ್ಲವೂ ಪುಸ್ತಕದಿಂದ ಪುಸ್ತಕಕ್ಕೆ ಮುಂದುವರಿಯುತ್ತವೆ. ಅದಕ್ಕೇ ಮೊದಲನೆಯದಾದ 'ರೋಸಾನ್ನಾ'ದ ಪ್ರತಿ ಅಂಗಡಿಯಲ್ಲಿ ಇಲ್ಲದಿದ್ದರೆ ಉಳಿದವನ್ನು ಹೊಸಬರಿಗೆ ತೋರಿಸಲು ಹೋಗುವುದಿಲ್ಲ. ಕ್ರಿಸ್ಟಿಯ 'ಕರ್ಟನ್' ಕೈಗೆತ್ತಿಕೊಂಡವರನ್ನು ತಡೆದು, ಅವಳ ಪತ್ತೇದಾರ ಪ್ವಾರೋ ನಿಮಗೆ ಎಷ್ಟು ಪರಿಚಯ ಅಂತ ಕೇಳುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲೇ ಬರೆದಿಟ್ಟು 1975ರಲ್ಲಿ ಹೊರತಂದ ಪ್ವಾರೋನ ಕೊನೆಯ ಪ್ರಕರಣ ಅದು. ಅದರಿಂದ ಶುರು ಮಾಡಬಾರದು.

ಒಂದೇ ಕಾದಂಬರಿಗೆ ಎರಡು ಹೆಸರಿರುವ ಕಾಟವೂ ಇದೆ. ಬ್ರಿಟನ್ನಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು. ಕ್ರಿಸ್ಟಿಯ 'ಲಾರ್ಡ್ ಎಡ್ಜ್‌ವೇರ್ ಡೈಸ್' ಮತ್ತು 'ಥರ್ಟೀನ್ ಅಟ್ ಡಿನ್ನರ್' ಒಂದೇ ಪುಸ್ತಕ. ಅವಳದೇ 'ಡೆತ್ ಇನ್ ದಿ ಕ್ಲೌಡ್ಸ್' ಅಮೆರಿಕದಲ್ಲಿ 'ಡೆತ್ ಇನ್ ದಿ ಏರ್' ಆಯಿತು. ಮೇಲೆ ಹೇಳಿದ 'ದಿ ಹಾಲೋ ಮ್ಯಾನ್' ಅಮೆರಿಕದಲ್ಲಿ 'ದಿ ತ್ರೀ ಕಾಫಿನ್ಸ್'. ಹಳೆಯ ಪ್ರತಿಗಳನ್ನು ಹುಡುಕಿ ಕೊಳ್ಳುವವರಿಗೆ ಇಂಥ ಜೋಡಿ ಹೆಸರುಗಳ ಪಟ್ಟಿಯನ್ನು ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಅಂಟಿಸಿದ್ದೇನೆ. ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಬಹುಶಃ ಅದೇ.

'ನಾನು ಮೊದಲೇ ಕಂಡುಹಿಡಿದೆ' ಅಂತ ಪುಸ್ತಕ ಓದಿ ಬಂದು ಹೇಳುವವರಲ್ಲಿ ಎರಡು ಥರ. ಖುಷಿಯಿಂದ ಹೇಳುವವರಿಗೆ ಎಲ್ಲರಿ ಕ್ವೀನ್ ಕೊಡುತ್ತೇನೆ. ಅದು ಇಬ್ಬರು ಸೋದರಸಂಬಂಧಿಗಳು ಸೇರಿ ಇಟ್ಟುಕೊಂಡ ಕಾವ್ಯನಾಮ. ಅವರ ಆರಂಭದ ಕಾದಂಬರಿಗಳಲ್ಲಿ ಉತ್ತರಕ್ಕೆ ಮುಂಚೆ ಕಥೆ ನಿಲ್ಲಿಸಿ, ಸುಳಿವೆಲ್ಲ ನಿಮ್ಮ ಮುಂದಿದೆ, ಈಗ ಹೇಳಿ ನೋಡೋಣ ಅಂತ ಓದುಗರಿಗೆ ಸವಾಲು ಹಾಕುವ ಪುಟ ಇರುತ್ತದೆ. ಆ ಪುಟದಲ್ಲಿ ನಿಲ್ಲಿಸಿ ನನಗೆ ಫೋನ್ ಮಾಡಿ ಉತ್ತರ ಹೇಳಿದವರೂ ಇದ್ದಾರೆ.

ಬೇಸರದಿಂದ ಹೇಳುವವರ ಸಮಸ್ಯೆ ಬೇರೆ. ಅವರಿಗೆ ಒಗಟು ಸಾಕಾಗಿರುತ್ತದೆ, ಇನ್ನೂ ಕಷ್ಟದ ಒಗಟು ಕೊಟ್ಟು ಪ್ರಯೋಜನ ಇಲ್ಲ. ಅವರನ್ನು 'ಸಿಕ್ಕಿಬೀಳ್ತಾನಾ' ಕಡೆಗೆ ದಾಟಿಸುತ್ತೇನೆ. ಪೆಟ್ರೀಷಿಯಾ ಹೈಸ್ಮಿತ್‌ಳ 1955ರ 'ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ'ಯಲ್ಲಿ ಕಂಡುಹಿಡಿಯುವುದಕ್ಕೆ ಏನೂ ಇಲ್ಲ. ಓದುತ್ತಾ ಓದುತ್ತಾ ಕೊಲೆಗಾರ ತಪ್ಪಿಸಿಕೊಳ್ಳಲಿ ಅಂತ ನಾವೇ ಹಾರೈಸುತ್ತಿರುತ್ತೇವೆ. ಇಷ್ಟವಾದರೆ ಅವನದೇ ಇನ್ನೂ ನಾಲ್ಕು ಕಾದಂಬರಿಗಳಿವೆ. ಐದನ್ನೂ ಒಟ್ಟಿಗೆ ಕೊಡಿ ಅಂದವರಿಗೆ ಮಾತ್ರ ಒಂದೊಂದೇ ಒಯ್ಯಿರಿ ಅನ್ನುತ್ತೇನೆ, ವ್ಯಾಪಾರ ಕಮ್ಮಿಯಾದರೂ ಸರಿ.