ಹಿತ್ತಾಳೆಯ ನಿಜವಾದ ಸಾಂದ್ರತೆ: ಯೂನಿಟ್ ಸೆಲ್ ಲೆಕ್ಕ ನನಗೆ ಒಲಿದ ಬಗೆ

ಶೇ 101ರಷ್ಟು ಸಾಂದ್ರವಾದ ಹಿತ್ತಾಳೆಯನ್ನು ಯಾರಾದರೂ ಕಂಡಿದ್ದೀರಾ? ನಮ್ಮ ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಅಂಥದ್ದೊಂದು ಇತ್ತು. ಶೇ 30ರಷ್ಟು ಸತು ಇರುವ ಎರಕದ ಬಿಲ್ಲೆ. ನೀರಿನಲ್ಲಿ ಮುಳುಗಿಸಿ ತೂಗಿದಾಗ ಸಾಂದ್ರತೆ ಘನ ಸೆಂಟಿಮೀಟರಿಗೆ 8.4 ಗ್ರಾಂ ಆಸುಪಾಸು ಬಂದಿತ್ತು. ತಾಮ್ರಕ್ಕೆ 8.96, ಸತುವಿಗೆ 7.14 ಹಿಡಿದು ತೂಕದ ಪ್ರಮಾಣದಲ್ಲಿ ಬೆರೆಸಿ ನೋಡಿದರೆ ಸಿಗುವುದು 8.32. ಅಂದರೆ ರಂಧ್ರಗಳಿರುವ ಎರಕ ರಂಧ್ರವೇ ಇಲ್ಲದ ಲೋಹಕ್ಕಿಂತ ಸಾಂದ್ರ! ಎಲ್ಲರೂ ತಕ್ಕಡಿಯನ್ನು ಬೈದರು. ನಾನು 8.32 ಅನ್ನು ಬೈದೆ.

ಹರಳಿನಲ್ಲಿ ಮತ್ತೆ ಮತ್ತೆ ಮರುಕಳಿಸುವ ಅತಿ ಚಿಕ್ಕ ಪೆಟ್ಟಿಗೆಯಾದ ಯೂನಿಟ್ ಸೆಲ್‌ನಿಂದಲೇ ಲೆಕ್ಕ ಹಾಕೋಣ ಎಂದಾಗ ಹಿರಿಯರೊಬ್ಬರು, ‘ಅದೆಲ್ಲ ಪ್ರಶ್ನೆಪತ್ರಿಕೆಗೆ ಸರಿ. ಮಿಶ್ರಲೋಹದಲ್ಲಿ ಯಾವ ಜಾಗದಲ್ಲಿ ಯಾವ ಪರಮಾಣು ಕೂತಿದೆ ಎಂದು ನಿಮಗೇನು ಗೊತ್ತು?’ ಎಂದು ನಕ್ಕರು. ಗೊತ್ತಾಗಬೇಕಾದ ಅಗತ್ಯವೇ ಇಲ್ಲ. ಒಂದು ಸೆಲ್ಲಿನಲ್ಲಿ ಪರಮಾಣುಗಳಿಗಿರುವ ನಾಲ್ಕು ಜಾಗಗಳಿಗೂ ಸರಾಸರಿ ಪರಮಾಣು ತೂಕ ಹಾಕಿದರೆ ಸಾಕು. ಈ ಹಿತ್ತಾಳೆಗೆ ಅದು 64.1ರಷ್ಟು. ನಿಜವಾದ ತಲೆನೋವು ಸೆಲ್‌ನ ಅಂಚಿನ ಉದ್ದ. ಅದನ್ನು ಮೂರನೆಯ ಘಾತಕ್ಕೆ ಏರಿಸುವುದರಿಂದ ಅಲ್ಲಿಯ ಶೇ 1ರ ವ್ಯತ್ಯಾಸ ಸಾಂದ್ರತೆಯಲ್ಲಿ ಶೇ 3 ಆಗಿ ಕೂರುತ್ತದೆ.

ಪರಮಾಣು ತ್ರಿಜ್ಯದಿಂದ ಅಂಚನ್ನು ಪಡೆಯುವ ಸುಲಭದ ದಾರಿಯನ್ನು ಶುದ್ಧ ತಾಮ್ರದ ಮೇಲೆ ಮೊದಲೇ ನೋಡಿ ಬಿಟ್ಟಿದ್ದೆ. ತ್ರಿಜ್ಯ 1.28 ಆಂಗ್‌ಸ್ಟ್ರಾಂ (ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಾಂ) ಎಂದರೆ 8.9 ಬರುತ್ತದೆ, ಚೆನ್ನಾಗಿಯೇ ಇದೆ. ಅದೇ 1.27 ಹಿಡಿದರೆ 9.1, 1.29 ಹಿಡಿದರೆ 8.7. ಕೊನೆಯ ಅಂಕಿ ಅತ್ತಿತ್ತ ಸರಿದರೆ ಇಷ್ಟು ಓಲಾಡುವ ಲೆಕ್ಕದಿಂದ ಎರಕದ ರಂಧ್ರ ಅಳೆಯಲು ಹೊರಡುವುದು ಹುಚ್ಚು. ಎಕ್ಸ್‌-ಕಿರಣ ಬೇಕೇ ಬೇಕು. ಪರಮಾಣು ಪದರಗಳಿಂದ ಅದು ಯಾವ ಕೋನಗಳಲ್ಲಿ ಜೋರಾಗಿ ಚಿಮ್ಮುತ್ತದೆ (ಆ ಏರುಗಳೇ ಪೀಕ್) ಎಂದು ನೋಡಿ ಅಂಚನ್ನು ಲೆಕ್ಕ ಹಾಕಬಹುದು.

ದುಡ್ಡು ಕರಗಿದ್ದೂ ಅಲ್ಲಿಯೇ. ಯಂತ್ರ ನಮ್ಮದಲ್ಲ, ಗಂಟೆ ಲೆಕ್ಕದಲ್ಲಿ ಬಾಡಿಗೆ. ಖರ್ಚು ಉಳಿಸಲೆಂದು ಎರಕದ ಬಿಲ್ಲೆಯನ್ನೇ ನೇರವಾಗಿ ಇಟ್ಟು, 43 ಡಿಗ್ರಿಯ ಹತ್ತಿರದ ಮೊದಲ ಪೀಕ್ ಒಂದನ್ನೇ ಓದಿಸಿದ್ದುಂಟು. ಮಾದರಿಯ ಮೇಲ್ಮೈ ಇರಬೇಕಾದ ಮಟ್ಟಕ್ಕಿಂತ 0.1 ಮಿಲಿಮೀಟರ್ ಕೆಳಗಿದ್ದರೂ ಆ ಕೋನದಲ್ಲಿ ಪೀಕ್ 0.05 ಡಿಗ್ರಿಯಷ್ಟು ಸರಿಯುತ್ತದೆ. ಸಾಂದ್ರತೆಯಲ್ಲಿ ಅದು ಶೇ 0.3ಕ್ಕೂ ಹೆಚ್ಚು. ಬಿಲ್ಲೆಯನ್ನು ತೆಗೆದು ಮತ್ತೆ ಇಟ್ಟರೆ ಉತ್ತರವೇ ಬೇರೆ. 130 ಡಿಗ್ರಿ ದಾಟಿದ ಪೀಕ್‌ಗಳಲ್ಲಿ ಈ ಉಪದ್ರವ ಹತ್ತರಲ್ಲಿ ಒಂದು ಪಾಲಿಗೂ ಕೆಳಗಿಳಿಯುತ್ತದೆ. ಆದರೆ ಅವು ಮಂದ, ಗಂಟೆಗಟ್ಟಲೆ ಕಾಯಬೇಕು, ಮೀಟರ್ ಓಡುತ್ತಲೇ ಇರುತ್ತದೆ. ಒಂದು ತಿಂಗಳ ಸಾಮಗ್ರಿಯ ಹಣ ಹಾಗೆಯೇ ಹೋಯಿತು.

ಬಿಲ್ಲೆಯಲ್ಲಿ ಹರಳುಗಳು ದಪ್ಪವಾಗಿದ್ದುದರಿಂದ ಅರದಿಂದ ಉಜ್ಜಿ ಪುಡಿ ಮಾಡಬೇಕಾಯಿತು. ಅರ ತಿಂದ ಪುಡಿಯ ಪೀಕ್‌ಗಳು ಅಗಲವಾಗಿ ಬರುತ್ತವೆ, ಕಾಯಿಸಿ ಹದ ಮಾಡಲೇಬೇಕು. ತೆರೆದ ಮೂಸೆಯಲ್ಲಿ ಕಾಯಿಸಿದ್ದಕ್ಕೆ ಸತು ಆವಿಯಾಗಿ ಹಾರಿತು. 3.68 ಆಂಗ್‌ಸ್ಟ್ರಾಂ ಇರಬೇಕಾದ ಅಂಚು 3.66ಕ್ಕೆ ಕುಗ್ಗಿತು. ಶೇ 20ರ ಹಿತ್ತಾಳೆಯನ್ನು ಅಳೆದ ಹಾಗಾಯಿತು! ಗಾಳಿ ತೆಗೆದು ಬಾಯಿ ಮುಚ್ಚಿದ ಕ್ವಾರ್ಟ್ಜ್ ನಳಿಕೆಯೊಳಗೆ ಕಾಯಿಸಿದ ಮೇಲೆ ಪೀಕ್‌ಗಳು ಸೂಜಿಯಂತೆ ನಿಂತವು. ನಳಿಕೆಯೊಳಗೆ ಪುಡಿಯ ಜೊತೆ ಇನ್ನೊಂದನ್ನೂ ಹಾಕುತ್ತೇನೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಸತುವಿನ ಸ್ವಭಾವ ಬಲ್ಲವರು ಊಹಿಸಿಕೊಳ್ಳಲಿ.

ಪುಡಿಗೆ ಸ್ವಲ್ಪ ಸಿಲಿಕಾನ್ ಬೆರೆಸಿ, ಅದರ ಗೊತ್ತಿರುವ ಅಂಚು 5.431ಕ್ಕೆ ಮಾಪಕವನ್ನು ಹೊಂದಿಸಿ, ದೊಡ್ಡ ಕೋನಗಳ ಪೀಕ್‌ಗಳಿಂದ ನೆಲ್ಸನ್‌-ರೈಲಿ ಗೆರೆ (ಕೋನದ ದೋಷವನ್ನು ಸೊನ್ನೆಗೆ ಇಳಿಸಿ ಅಂಚನ್ನು ಓದುವ ಗೆರೆ) ಎಳೆದೆ. 3.68 ಬಂತು. ಘನ ಮಾಡಿದರೆ 49.8. ನಾಲ್ಕು ಪರಮಾಣುಗಳ ತೂಕವನ್ನು ಅದರಿಂದಲೂ ಅವೊಗಾಡ್ರೊ ಸಂಖ್ಯೆಯಿಂದಲೂ ಭಾಗಿಸಿದಾಗ 8.54. ಈ ಹಿತ್ತಾಳೆಗೆ ಕೈಪಿಡಿಗಳು ಕೊಡುವುದು 8.53! ಬಿಲ್ಲೆ ಶೇ 101ರಿಂದ ಶೇ 98ಕ್ಕೆ ಇಳಿಯಿತು. ಕೊಯ್ದು ಹೊಳಪು ಕೊಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ದುಂಡನೆಯ ಕಪ್ಪು ರಂಧ್ರಗಳು ಅಲ್ಲಲ್ಲಿ ಕಂಡವು. ನಕ್ಕಿದ್ದ ಹಿರಿಯರನ್ನೇ ಕರೆದು ತೋರಿಸಿದೆ. ಬಹಳ ಹೊತ್ತು ನೋಡಿ, ‘ಬೇರೆ ಬಿಲ್ಲೆಗಳದ್ದೂ ಮಾಡಿಬಿಡಿ’ ಎಂದರು.

ಬೆರೆಸುವ ಸೂತ್ರ ಎಡವುವುದು ಸತುವಿನಿಂದಲೇ. ಹಿತ್ತಾಳೆಗೆ ಬಂದ ಸತು ತನ್ನ ಷಡ್ಭುಜ ಜೋಡಣೆಯನ್ನು ಬಿಟ್ಟು ತಾಮ್ರದ ಮುಖಕೇಂದ್ರಿತ (ಘನದ ಮೂಲೆಗಳಲ್ಲೂ ಮುಖಗಳ ನಡುವೆಯೂ ಪರಮಾಣು ಇರುವ) ಜಾಲದಲ್ಲಿ ಕೂರುತ್ತದೆ. ಅಂದಮೇಲೆ 7.14 ಅದಕ್ಕೆ ಹೇಗೆ ಅನ್ವಯಿಸೀತು? ಕುತೂಹಲಕ್ಕೆ ಶುದ್ಧ ಸತುವನ್ನೂ ಲೆಕ್ಕಕ್ಕೆ ಹಾಕಿದೆ. ಎತ್ತರಕ್ಕೂ ಅಂಚಿಗೂ ಇರುವ ಆದರ್ಶ ಅನುಪಾತ 1.633 ಹಿಡಿದರೆ 8.1 ಬರುತ್ತದೆ. ಅಳೆದಾಗ ಸಿಗುವ 1.856 ಹಾಕಿದರೆ 7.14ಕ್ಕೆ ಬಂದು ನಿಲ್ಲುತ್ತದೆ. ಮೆಗ್ನೀಸಿಯಂ ಇಷ್ಟು ಸತಾಯಿಸುವುದಿಲ್ಲ, ಅದರ ಅನುಪಾತ 1.62. ಬೆಳ್ಳಿ, ಚಿನ್ನದ ಸೆಲ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ: 4.086 ಮತ್ತು 4.078, ಹೆಚ್ಚುಕಡಿಮೆ ಒಂದೇ ಅಳತೆ. ಸಾಂದ್ರತೆ ಮಾತ್ರ 10.5 ಮತ್ತು 19.3. ಇಡೀ ಅಂತರ ಪರಮಾಣುವಿನ ತೂಕದ್ದು.

ಚಿನ್ನ-ತಾಮ್ರದಂಥ ಜೋಡಿಗೆ ಹೋಗುವವರು ತೂಕದ ಶೇಕಡಾವನ್ನು ಪರಮಾಣು ಶೇಕಡಾಕ್ಕೆ ತಪ್ಪದೆ ಬದಲಿಸಿಕೊಳ್ಳಿ. ಹಿತ್ತಾಳೆಯಲ್ಲಿ ಎರಡೂ ತೂಕ ಹತ್ತಿರವಿರುವುದರಿಂದ ಉದಾಸೀನ ನಡೆದುಹೋಗುತ್ತದೆ, ಅಲ್ಲಿ ನಡೆಯುವುದಿಲ್ಲ.

ಈಗ ಶೇ 40ರಷ್ಟು ಸತು ಇರುವ ಹಿತ್ತಾಳೆಗೆ ಕೈ ಹಾಕಿದ್ದೇನೆ. ಅದರಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಹರಳುಗಳೂ ಇವೆ. ಬೀಟಾದ ಸೆಲ್‌ನಲ್ಲಿ ಇರುವುದು ಎರಡೇ ಪರಮಾಣು, ಅಂಚು 2.95ರ ಸುಮಾರು. ಒಂದೊಂದರ ಸಾಂದ್ರತೆ ಸಲೀಸಾಗಿ ಸಿಗುತ್ತದೆ. ಯಾವುದು ಎಷ್ಟು ಪಾಲು ಎಂಬುದನ್ನು ಪೀಕ್‌ಗಳ ಎತ್ತರದಿಂದ ತೆಗೆಯಲು ಹೋದರೆ ಹರಳುಗಳು ಒಂದೇ ದಿಕ್ಕಿಗೆ ಮಲಗಿ ಲೆಕ್ಕ ಕೆಡಿಸುತ್ತವೆ. ಸದ್ಯಕ್ಕೆ ಸೂಕ್ಷ್ಮದರ್ಶಕದ ಚಿತ್ರದ ಮೇಲೆ ಚೌಕಳಿ ಹಾಕಿ ಚುಕ್ಕೆ ಎಣಿಸುತ್ತಿದ್ದೇನೆ.