ಎಲೆ ಮುಂದೆ "ಸಾಕು" ಅನ್ನೋದನ್ನು ವಿಆರ್‌ನಲ್ಲಿ ಕಲಿಸಿದ ನನ್ನ ಅನುಭವ

ಆನ್‌ಲೈನ್‌ನಲ್ಲಿ ತೂಕ ಇಳಿಸುವ ಬ್ಯಾಚ್ ನಡೆಸುವ ಡಯಟಿಷಿಯನ್ ನಾನು. ದಿನಾ ತಪ್ಪದೆ ಊಟದ ಲೆಕ್ಕ ಬರೆದು ಕಳಿಸುವವರು ಮದುವೆ ಸೀಸನ್ ಬಂತೆಂದರೆ ಸಾಕು, ವಾರಗಟ್ಟಲೆ ಪತ್ತೆ ಇರುತ್ತಿರಲಿಲ್ಲ. ಫೋನ್ ಮಾಡಿ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಏನ್ ಮಾಡೋದು ಮೇಡಂ, ಎಲೆಗೆ ಹಾಕಿಬಿಟ್ರು." ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಲ್ಲ ಅವರಿಗೆ ಗೊತ್ತಿತ್ತು. ಬೇಡ ಅನ್ನೋಕೆ ಬಾಯಿ ಬರುತ್ತಿರಲಿಲ್ಲ, ಅಷ್ಟೇ.

ತೂಕ ಇಳಿಸುವವರಿಗೆ ಇಂಥ ಸಂದರ್ಭ ಅಭ್ಯಾಸ ಮಾಡಿಸೋಕೆ ಅಮೆರಿಕದಲ್ಲಿ ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ನಾವೇ ಆ ಜಾಗದಲ್ಲಿದ್ದೇವೆ ಅನ್ನಿಸುವ ಹಾಗೆ ಸುತ್ತಲೂ ಕಾಣುವ ಚಿತ್ರ) ಬಳಸಿದ್ದರ ಬಗ್ಗೆ ಓದಿದ್ದೆ. ಮನೆ, ಆಫೀಸ್, ಪಾರ್ಟಿ ಎಲ್ಲ ಅದರಲ್ಲಿತ್ತು. ಆದರೆ ಪಾರ್ಟಿಯಲ್ಲಿ ನಾವೇ ಹೋಗಿ ಬಡಿಸಿಕೊಳ್ಳುತ್ತೇವೆ, ಪಂಕ್ತಿಯಲ್ಲಿ ಊಟವೇ ನಮ್ಮ ಹತ್ತಿರ ಬರುತ್ತದೆ, ಜೊತೆಗೆ ಉಪಚಾರವೂ ಬರುತ್ತದೆ. ಇಲ್ಲಿ ಕಲಿಯಬೇಕಾದದ್ದು ಬೇರೆ, ಅಲ್ವಾ?

ಹಾಗಾಗಿ ನಾನೇ ಮಾಡಿದೆ. ಸಂಬಂಧಿಕರ ಮನೆ ಗೃಹಪ್ರವೇಶದ ದಿನ, ಕೊನೆ ಪಂಕ್ತಿ ಎದ್ದ ಮೇಲೆ, ಸುತ್ತಲಿನ ಎಲ್ಲವನ್ನೂ ಒಟ್ಟಿಗೆ ಸೆರೆಹಿಡಿಯುವ 360 ಡಿಗ್ರಿ ಕ್ಯಾಮೆರಾವನ್ನು ಸ್ಟ್ಯಾಂಡ್ ಸಮೇತ ಎಲೆ ಮುಂದಿನ ಕುರ್ಚಿಯ ಮೇಲಿಟ್ಟೆ. ಮೊದಲ ಸಲ ಎತ್ತರ ಜಾಸ್ತಿಯಾಗಿ ನಿಂತುಕೊಂಡು ಊಟ ನೋಡಿದ ಹಾಗಿತ್ತು. ಆಮೇಲೆ ನಾನೇ ಆ ಕುರ್ಚಿಯಲ್ಲಿ ಕೂತು, ಕಣ್ಣಿನ ಎತ್ತರ ಟೇಪಿನಲ್ಲಿ ಅಳೆದು ಅಷ್ಟಕ್ಕೇ ಸ್ಟ್ಯಾಂಡ್ ಇಳಿಸಿದೆ. ಬಡಿಸುವವರಿಗೆ ಹೇಳಿದ್ದು ಇಷ್ಟೆ: ಹೋಳಿಗೆ ಎಲೆ ಮೇಲೆ ಹಿಡಿಯಿರಿ, ಕೇಳಿ, ಮನಸ್ಸಿನಲ್ಲೇ ಐದು ಎಣಿಸಿ, ಮತ್ತೆ ಕೇಳಿ. ಅವರಾದ ಮೇಲೆ ತುಪ್ಪದ ಗಿಂಡಿ ಹಿಡಿದು ಅತ್ತೆ ಬರುತ್ತಾರೆ. ಕೊನೆಗೆ ಮನೆ ಯಜಮಾನರು ಬಂದು, ಬಗ್ಗಿ, "ನಮ್ಮ ಖುಷಿಗೆ ಒಂದೇ ಒಂದು" ಅನ್ನುತ್ತಾರೆ. ಎಲ್ಲಕ್ಕಿಂತ ಕಷ್ಟದ ಘಟ್ಟ ಅದು.

ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕಿ ಬ್ಯಾಚಿನವರಿಗೆ ಮಾತ್ರ ಲಿಂಕ್ ಕೊಟ್ಟೆ. ದುಬಾರಿ ಹೆಡ್‌ಸೆಟ್ ಬೇಕಾಗಲಿಲ್ಲ, ಫೋನ್ ಸಿಕ್ಕಿಸಿ ಕಣ್ಣಿಗೆ ಹಿಡಿಯುವ ರಟ್ಟಿನ ವಿಆರ್ ಡಬ್ಬಿ ಸಾಕಾಯಿತು. ಆದರೆ ಫೋನಿನಲ್ಲಿ ಗೈರೊಸ್ಕೋಪ್ (ಫೋನ್ ಎತ್ತ ತಿರುಗಿತು ಅಂತ ಗುರುತಿಸುವ ಸೆನ್ಸರ್) ಇರಲೇಬೇಕು, ಇಲ್ಲದಿದ್ದರೆ ತಲೆ ತಿರುಗಿಸಿದರೂ ಚಿತ್ರ ತಿರುಗುವುದಿಲ್ಲ. ಇಬ್ಬರಿಗೆ ತಲೆ ಸುತ್ತು ಬಂತು. ಅವರಿಗೆ ಡಬ್ಬಿ ಬಿಡಿಸಿ ಫೋನ್ ಕೈಯಲ್ಲೇ ಹಿಡಿದು ನೋಡಲು ಹೇಳಿದೆ.

ನನ್ನ ನಿಯಮ ಒಂದೇ, ಸುಮ್ನೆ ನೋಡುವ ಹಾಗಿಲ್ಲ, ಜೋರಾಗಿ ಉತ್ತರ ಹೇಳಬೇಕು, ಕೈಯೂ ಆಡಬೇಕು. ಮೊದಲ ದಿನ ಎಲ್ಲರೂ ಹೋಳಿಗೆ ಎಲೆ ಮೇಲೆ ಬಂದ ಮೇಲೆ ಕೈ ಅಡ್ಡ ಹಿಡಿದರು. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಬಡಿಸುವವರು ಇನ್ನೂ ಪಕ್ಕದ ಎಲೆಯಲ್ಲಿದ್ದಾಗಲೇ ಎರಡೂ ಕೈ ಎಲೆ ಮೇಲೆ ಬರಬೇಕು, ಅವರ ಮುಖ ನೋಡಿ ನಗಬೇಕು, "ತುಂಬಾ ಚೆನ್ನಾಗಿದೆ, ಈಗ ಸಾಕು, ಬೇಕಾದ್ರೆ ನಾನೇ ಕೇಳ್ತೀನಿ" ಅನ್ನಬೇಕು. "ಡಯಟ್" ಅನ್ನುವ ಮಾತು ಮಾತ್ರ ಎತ್ತಬೇಡಿ. ಎತ್ತಿದರೆ ಇಡೀ ಪಂಕ್ತಿ ನಿಮ್ಮ ತೂಕದ ಬಗ್ಗೆ ಮಾತಾಡುತ್ತದೆ.

ವಿಡಿಯೊ ತಿರುಗಿ ವಾದ ಮಾಡುವುದಿಲ್ಲ. ಅದಕ್ಕೇ ಸಂಜೆ ವಿಡಿಯೊ ಕಾಲ್‌ನಲ್ಲಿ ನಾನೇ ಅತ್ತೆಯಾಗಿ ಬಡಿಸುತ್ತೇನೆ, ಸ್ವಲ್ಪ ಬೇಜಾರೂ ಮಾಡಿಕೊಳ್ಳುತ್ತೇನೆ. ಇದರಿಂದಲೇ ತೂಕ ಇಳಿಯುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. 80 ಕೆಜಿ ಇರುವವರಿಗೆ ಆರು ತಿಂಗಳಲ್ಲಿ 4ರಿಂದ 6 ಕೆಜಿ ಇಳಿದರೆ ಒಳ್ಳೆಯದೇ, ಅದು ಇಳಿಯುವುದು ದಿನದ ಊಟ, ನಡಿಗೆಯಿಂದ. ಆ ದಿನಚರಿ ಒಂದು ಮದುವೆಗೆ ಕಳಚಿ ಬೀಳಬಾರದು ಅನ್ನುವುದಕ್ಕೆ ಇಷ್ಟೆಲ್ಲ.

ಬ್ಯಾಚಿನಲ್ಲಿ ಒಬ್ಬರು ಟೀಚರ್ ಇದ್ದರು. ಅಭ್ಯಾಸ ಮಾಡುವಾಗ ಯಜಮಾನರ ಸರದಿ ಬಂದಾಗೆಲ್ಲ ತಡವರಿಸುತ್ತಿದ್ದರು. ಹತ್ತಾರು ಸಲ ಮಾಡಿಸಿದೆ. ಹೋದ ತಿಂಗಳು ಅವರ ಅಣ್ಣನ ಮಗನ ಮುಂಜಿ ಇತ್ತು. ರಾತ್ರಿ ಎಂದಿನ ಹಾಗೆ ಲೆಕ್ಕ ಬಂತು: "ಹೋಳಿಗೆ ಎರಡು ಸಲ ಬೇಡ ಅಂದೆ. ಮೂರನೇ ಸಲ ದೊಡ್ಡಮ್ಮ ಬಂದ್ರು, ಅರ್ಧ ಹಾಕಿಸಿಕೊಂಡೆ. ನಿಧಾನಕ್ಕೆ ತಿಂದೆ ಮೇಡಂ, ರುಚಿಯಾಗಿತ್ತು."